ವಾರ್ಫರಿನ್ ತಗೊಂಡರೆ ಮೂಳೆ ಸವೆಯುತ್ತದೆಯೇ?

ಪ್ರಶ್ನೆ, ಶಿರಸಿಯಿಂದ: ಆಯಿಗೆ 66. ಹೃದಯಕ್ಕೆ ಮೆಕ್ಯಾನಿಕಲ್ ವಾಲ್ವ್ (ಕೃತಕ ಕವಾಟ) ಹಾಕಿ 9 ವರ್ಷ, ಆಗಿನಿಂದ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ. ಐಎನ್ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ತೋರಿಸುವ ರಕ್ತಪರೀಕ್ಷೆಯ ಅಂಕಿ) ಹೆಚ್ಚುಕಮ್ಮಿ ಆಗ್ತದೆ ಅಂತ ಸೊಪ್ಪನ್ನೇ ಬಿಟ್ಟಿದ್ದಾರೆ. ಮೂಳೆಗೆ ತೊಂದರೆಯೇ? ಮಾತ್ರೆ ಬದಲಿಸಬಹುದೇ?

ಉತ್ತರ 1: ಮೂಳೆಯ ಆಸ್ಟಿಯೋಕ್ಯಾಲ್ಸಿನ್ ಪ್ರೋಟೀನು ಕ್ಯಾಲ್ಸಿಯಂ ಹಿಡಿಯಲು ವಿಟಮಿನ್ ಕೆ ಬೇಕು, ವಾರ್ಫರಿನ್ ಅಡ್ಡಗಟ್ಟುವುದು ಅದರ ಕೆಲಸವನ್ನೇ. ಹಾಗಂತ ಮೂಳೆ ಮುರಿದೇ ಮುರಿಯುತ್ತದೆ ಎಂದಲ್ಲ, ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಬಗ್ಗೆ ವೈದ್ಯರನ್ನು ಕೇಳಿ. ಮೆಕ್ಯಾನಿಕಲ್ ವಾಲ್ವ್ ಇದ್ದವರಿಗೆ ವಾರ್ಫರಿನ್ ಬದಲು ಬೇರೆಯವರಿಗೆ ಕೊಡುವ ಅಪಿಕ್ಸಾಬಾನ್, ಡಾಬಿಗಾಟ್ರಾನ್ ಮಾತ್ರೆಗಳು ಆಗುವುದಿಲ್ಲ. ವಾಲ್ವಿನಲ್ಲೇ ರಕ್ತ ಹೆಪ್ಪುಗಟ್ಟುವ ಅಪಾಯ. ಮಾತ್ರೆ ನಿಲ್ಲಿಸಲೇಬೇಡಿ.

ಉತ್ತರ 2: ಸೊಪ್ಪಿನಲ್ಲಿ ವಿಟಮಿನ್ ಕೆ ಇದೆ ನಿಜ, ಆದರೂ ಸೊಪ್ಪು ಬಿಟ್ಟಿದ್ದೇ ತಪ್ಪು. ಬಸಳೆ, ಹರಿವೆ ವಾರಕ್ಕೆ ಇಂತಿಷ್ಟೇ ಎಂದು ಹದ ಇಟ್ಟುಕೊಳ್ಳಿ. ಒಂದು ವಾರ ರಾಶಿ, ಮುಂದಿನ ವಾರ ಸೊನ್ನೆ ಆದರೇ ಐಎನ್ಆರ್ ಏರಿಳಿಯುವುದು. ಮತ್ತೆ ಶುರುಮಾಡುವ ಮುನ್ನ ವೈದ್ಯರಿಗೆ ತಿಳಿಸಿ, ವಾರದೊಳಗೆ ಐಎನ್ಆರ್ ನೋಡಿಸಿ. ಕ್ಯಾಲ್ಸಿಯಂ ಊಟವೂ ಸೇರಿ ದಿನಕ್ಕೆ ಸುಮಾರು 1200 ಮಿ.ಗ್ರಾಂ.: ರಾಗಿ, ಮಜ್ಜಿಗೆ, ಮೀನು ತಿನ್ನುವವರಾದರೆ ಮೆತ್ತಗೆ ಬೆಂದ ತಾರ್ಲೆ, ಮುಳ್ಳು ಸಮೇತ.

ಉತ್ತರ 3, ಕಾರವಾರದಿಂದ: ವಿಟಮಿನ್ ಡಿ ಸೊಂಟಕ್ಕೆ ಇಂಜೆಕ್ಷನ್ ಬೇಡ, ಸ್ನಾಯುವಿನೊಳಗೆ ರಕ್ತ ಕಟ್ಟಬಹುದು, ಬಾಯಿಂದ ಕೊಡುವುದನ್ನೇ ಕೇಳಿ. ಮಂಡಿನೋವಿಗೆ ಡೈಕ್ಲೊಫೆನಾಕ್ ಕೊಡಬೇಡಿ. ಮಳೆಗಾಲದಲ್ಲಿ ಅಂಗಳದ ಪಾಚಿ, ಬಚ್ಚಲ ಮೆಟ್ಟಿಲು ಉಜ್ಜಿಸಿ. ಬಿದ್ದು ತಲೆಗೆ ಪೆಟ್ಟಾದರೆ, ನೋವಿಲ್ಲದಿದ್ದರೂ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.