ಅಪ್‌ಡೇಟ್: ಮಗಳನ್ನು ಎಲ್ಲಿ ಬಿಡೋದು ಅಂತ ಕೇಳಿದ್ದೆನಲ್ಲ

ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಟೈಲರ್ ಕೆಲಸ, 3 ವರ್ಷದ ಮಗಳು, ಮನೆಯಲ್ಲಿ ಬೇರೆ ಯಾರೂ ಇಲ್ಲ, ಕೆಲಸ ಬಿಡಲಾ ಅಂತ ಕೇಳಿದ್ದೆ. ಬಿಟ್ಟಿಲ್ಲ.

ನಿಮ್ಮಲ್ಲೊಬ್ಬರು ಶಿಶುಪಾಲನಾ ಕೇಂದ್ರದ ಬಗ್ಗೆ ಹೇಳಿದ್ದಿರಿ. ಹೆಂಗಸರು ಜಾಸ್ತಿ ಇರುವ ಕಾರ್ಖಾನೆಯಲ್ಲಿ 6 ವರ್ಷದೊಳಗಿನ ಮಕ್ಕಳಿಗೆ ಅದು ಇರಬೇಕು ಅನ್ನೋದು 1948ರ ಕಾರ್ಖಾನೆ ಕಾಯ್ದೆಯಲ್ಲೇ ಇತ್ತಂತೆ. ನಮ್ಮಲ್ಲೂ ಕೋಣೆ ಇತ್ತು. ರಟ್ಟಿನ ಡಬ್ಬ ಪೇರಿಸಿ ಬೀಗ ಹಾಕಿದ್ದರು, ಅಷ್ಟೇ. ಎಂಟು ಜನ ತಾಯಂದಿರು ಒಟ್ಟಿಗೆ ಹೋಗಿ ಎಚ್‌ಆರ್ ಹತ್ತಿರ ಕೇಳಿದೆವು. ನನ್ನ ಕೈ ನಡುಗುತ್ತಿತ್ತು. ಮೂರು ವಾರದಲ್ಲಿ ಬೀಗ ತೆಗೆದರು. ಈಗ ಚಾಪೆ ಇದೆ, ತೊಟ್ಟಿಲಿದೆ, ಒಬ್ಬರು ಆಯಾ ಇದ್ದಾರೆ.

ಮೊದಲ ದಿನ ಮಗಳು ನನ್ನ ಸೆರಗು ಬಿಡಲೇ ಇಲ್ಲ. ಈಗ ಊಟದ ಬೆಲ್ ಹೊಡೆದ ತಕ್ಷಣ ಬಾಗಿಲಲ್ಲಿ ನಿಂತಿರುತ್ತಾಳೆ, ಬೆರಳಿಗೆ ನೂಲು ಸುತ್ತಿಕೊಂಡು. ಒಂದೇ ಡಬ್ಬಿಯಲ್ಲಿ ಇಬ್ಬರೂ ಚಿತ್ರಾನ್ನ ತಿನ್ನುತ್ತೇವೆ.

ದುಡ್ಡಿನ ಕಷ್ಟ ಹಾಗೇ ಇದೆ. ಬಸ್ಸು ಫ್ರೀ. ಗೃಹಲಕ್ಷ್ಮಿಯ 2,000 ಬಂದ ತಿಂಗಳು ಹಾಲಿಗೆ, ದಿನಸಿಗೆ ಆಗುತ್ತದೆ. ಬಾಡಿಗೆ ಕೊಟ್ಟ ಮೇಲೆ ಕೈ ಖಾಲಿ. ಓಟಿ ಮಾಡೋಕೂ ಆಗಲ್ಲ, ಐದೂವರೆಗೆ ಆಯಾ ಹೊರಟುಬಿಡುತ್ತಾರೆ.

‘ಕೆಲಸ ಬಿಡಬೇಡ ತಂಗಿ’ ಅಂತ ಬರೆದ ಅಕ್ಕಂದಿರೇ, ಆ ರಾತ್ರಿ ಅದನ್ನು ಎಷ್ಟು ಸಲ ಓದಿದೆನೋ.