ಓದುಗರ ಸ್ಪಂದನ: ಮಾವ ಕೂಡಿಟ್ಟ ಪಿಂಗಾಣಿಯನ್ನು ಪಾಲು ಮಾಡಬೇಕೇ?

ಸಮಸ್ಯೆ: ನಮ್ಮದು ಸುಂಟಿಕೊಪ್ಪ ಹತ್ತಿರದ ತೋಟದ ಮನೆ. ಮಾವನಿಗೆ ಹಳೇ ಪಿಂಗಾಣಿ ಸಂಗ್ರಹಿಸುವ ಹವ್ಯಾಸವಿತ್ತು, ನನ್ನ ಮಕ್ಕಳಿಗೂ ಅದನ್ನು ಹಿಡಿಸಿದ್ದರು. ಈಗ ಅವರಿಲ್ಲ. ಇಬ್ಬರು ನಾದಿನಿಯರು ಪಾಲು ಕೇಳುತ್ತಿದ್ದಾರೆ. ಮಕ್ಕಳು ಒಂದು ಸಾಸರ್ ಕೂಡ ಕೊಡಬೇಡ ಅಂತ ಅಳುತ್ತಾರೆ. ಏನು ಮಾಡಲಿ?

ಅಕ್ಕಾ, ನಾದಿನಿಯರು ಕೇಳಿದ್ದರಲ್ಲಿ ತಪ್ಪಿಲ್ಲ, ಅವರಿಗೂ ಅದು ಅಪ್ಪನ ನೆನಪು ಅಲ್ವಾ? ಆದರೆ ತಲೆಗೆ ಇಷ್ಟು ಕಪ್ಪು ಅಂತ ಎಣಿಸಿ ಹಂಚಬೇಡಿ. ಒಂದೇ ಡಿಸೈನಿನ ಟೀಪಾಟ್, ಹಾಲಿನ ಜಗ್ಗು, ಕಪ್ಪು, ಸಾಸರ್ ಒಟ್ಟಿಗಿದ್ದರೇನೇ ಅದು ಸೆಟ್ಟು. ಒಡೆದು ಹಂಚಿದರೆ ಯಾರ ಮನೆಯಲ್ಲೂ ಪೂರ್ತಿ ಇರಲ್ಲ, ಬೆಲೆಯೂ ಇಳಿಯುತ್ತದೆ. ಕೊಡುವುದಾದರೆ ಇಡೀ ಸೆಟ್ಟನ್ನೇ ಕೊಡಿ, ಯಾವುದು ಬೇಕು ಅಂತ ಅವರೇ ಆರಿಸಲಿ. ಮೊದಲು ಫೋನ್ ಮಾಡಿ ಕರೆಯಿರಿ, ಹುತ್ತರಿ ಹಬ್ಬಕ್ಕೆ ಹೇಗೂ ತವರಿಗೆ ಬರುತ್ತಾರಲ್ಲ.
— ಓದುಗರು, ಪೊಲ್ಲಿಬೆಟ್ಟ

ಮಕ್ಕಳು ಅಳುವುದು ಕೇಳಿ ನನಗೆ ಸಂತೋಷವೇ ಆಯಿತು, ತಾತನ ಹವ್ಯಾಸ ಉಳಿದಿದೆ ಅಂತ ಅರ್ಥ. ಅವರಿಗೊಂದು ಕೆಲಸ ಕೊಡಿ. ಒಂದೊಂದು ಪಾತ್ರೆಯನ್ನೂ ಮೇಜಿನ ಮೇಲೆ ದಪ್ಪ ಟವೆಲ್ ಹಾಸಿ ಮಗುಚಿ, ತಳದ ಮುದ್ರೆ ನೋಡಿ ನೋಟ್‌ಬುಕ್ಕಿನಲ್ಲಿ ಬರೆಯಲಿ, ಫೋಟೋ ತೆಗೆಯಲಿ. ಬರೀ ‘ಇಂಗ್ಲೆಂಡ್’ ಅಂತ ಇದ್ದರೆ ಸಾಮಾನ್ಯವಾಗಿ 1891ರ ಈಚಿನದು, ಯಾಕಂದ್ರೆ ಹೊರಗಿಂದ ಬರುವ ಸಾಮಾನಿನ ಮೇಲೆ ದೇಶದ ಹೆಸರು ಇರಲೇಬೇಕು ಅಂತ ಅಮೆರಿಕ ಆಗ ಕಾನೂನು ತಂದಿತ್ತು. ‘ಮೇಡ್ ಇನ್ ಇಂಗ್ಲೆಂಡ್’ ಅಂತಿದ್ದರೆ ಹೆಚ್ಚಾಗಿ 20ನೇ ಶತಮಾನದ್ದು. ವಜ್ರದ ಆಕಾರದೊಳಗೆ ಅಕ್ಷರ, ಅಂಕಿ ಇದ್ದರೆ ಆ ಡಿಸೈನು ಬ್ರಿಟನ್ನಿನಲ್ಲಿ 1842ರಿಂದ 1883ರೊಳಗೆ ನೋಂದಣಿಯಾದದ್ದು. ‘ಆಕ್ಯುಪೈಡ್ ಜಪಾನ್’ ಅಂತ ಕಂಡರೆ ಅದು ಎರಡನೇ ಮಹಾಯುದ್ಧ ಮುಗಿದ ಮೇಲೆ, ಜಪಾನ್ ಗೆದ್ದ ದೇಶಗಳ ಹಿಡಿತದಲ್ಲಿದ್ದಾಗ, 1952ರೊಳಗೆ ತಯಾರಾದದ್ದು.

ಬೋನ್ ಚೈನಾ (ಮೂಳೆಯ ಬೂದಿ ಬೆರೆಸಿ ಮಾಡಿದ ಪಿಂಗಾಣಿ) ಹೌದೋ ಅಲ್ಲವೋ ಅಂತ ನೋಡೋಕೆ ತಟ್ಟೆಯನ್ನು ಬೆಳಕಿಗೆ ಹಿಡಿದು ಹಿಂದೆ ಕೈ ಇಡಿ, ಬೆರಳಿನ ನೆರಳು ಮಸುಕಾಗಿ ಕಾಣಿಸುತ್ತದೆ. ತೆಳುವಾದ ಪೋರ್ಸಲಿನ್‌ನಲ್ಲೂ ಕಾಣಬಹುದು, ಆದರೆ ಬೋನ್ ಚೈನಾದ ಬಿಳುಪಿನಲ್ಲಿ ಒಂದು ಕೆನೆ ಬಣ್ಣ ಇರುತ್ತದೆ. ಅಂಚನ್ನು ಉಗುರಿನಿಂದ ಮೆಲ್ಲಗೆ ತಟ್ಟಿದಾಗ ಠಣ್ ಅಂದರೆ ಗಟ್ಟಿ, ಸದ್ದು ಸತ್ತಂತಿದ್ದರೆ ಎಲ್ಲೋ ಬಿರುಕಿರಬಹುದು. ಮಾವ ಯಾವುದನ್ನು ಎಲ್ಲಿಂದ ತಂದರು ಅನ್ನೋದು ನಾದಿನಿಯರಿಗೆ ನಿಮಗಿಂತ ಜಾಸ್ತಿ ಗೊತ್ತಿರಬಹುದು. ಅದನ್ನೂ ಮಕ್ಕಳು ಅತ್ತೆಯರನ್ನು ಕೇಳಿ ಬರೆದುಕೊಳ್ಳಲಿ. ಆಮೇಲೆ ಸೆಟ್ಟು ಯಾರ ಮನೆಗೆ ಹೋದರೂ ಅದರ ಕಥೆ ಪುಸ್ತಕದಲ್ಲಿರುತ್ತದೆ. ನನ್ನ ಕೇಳಿದರೆ ಕಪಾಟಿಗಿಂತ ಆ ಪುಸ್ತಕವೇ ದೊಡ್ಡ ಆಸ್ತಿ, ಮೂರು ಪ್ರತಿ ಮಾಡಿಸಿ ಮೂರು ಮನೆಯಲ್ಲೂ ಇಡಿ.
— ಓದುಗರು, ಮಡಿಕೇರಿ

ಯಾರ ಪಾಲಿಗೆ ಬಂದರೂ ಸುಮ್ನೆ ಬೀಗ ಹಾಕಿಡಬೇಡಿ, ನೆಂಟರು ಬಂದಾಗ ಕಾಫಿ ಕೊಡಿ. ಆದರೆ ಹಿಡಿಕೆ ಮಾತ್ರ ಹಿಡಿದು ಎತ್ತಬಾರದು, ಅಂಟಿಸಿದ್ದಾದರೆ ಕಳಚಿ ಬರುತ್ತದೆ. ಚಿನ್ನದ ಗೆರೆ ಇರುವುದನ್ನು ಮೈಕ್ರೋವೇವ್‌ಗೆ ಇಡಬೇಡಿ, ನಾರಿನಿಂದ ಉಜ್ಜಬೇಡಿ. ಕಾಫಿ ಕಲೆಗೆ ಸ್ವಲ್ಪ ಅಡುಗೆ ಸೋಡಾ, ಒದ್ದೆ ಬಟ್ಟೆ ಸಾಕು. ನಮ್ಮ ಮಳೆಗಾಲದಲ್ಲಿ ತೊಳೆದದ್ದು ಒಣಗೋದೇ ಇಲ್ಲ, ಚೆನ್ನಾಗಿ ಒರೆಸಿ ತಟ್ಟೆಗಳ ನಡುವೆ ಬಟ್ಟೆ ಇಟ್ಟು ಜೋಡಿಸಿ. ಇನ್ನೊಂದು, ಹಳೇ ಪಿಂಗಾಣಿಯ ಹೊಳಪಿನ ಲೇಪದಲ್ಲಿ ಸೀಸ ಇರಬಹುದು. ಕಾಚಂಪುಳಿ (ಕೊಡಗಿನ ಕಪ್ಪು ಹುಳಿರಸ) ಹಾಕಿದ ಪಂದಿ ಕರಿ, ಉಪ್ಪಿನಕಾಯಿ ಇಂಥ ಹುಳಿ ಪದಾರ್ಥವನ್ನು ಅದರಲ್ಲಿ ಹಾಕಿಡಬೇಡಿ, ಪಾತ್ರೆಯ ಮೈಮೇಲೆ ಸಣ್ಣ ಬಿರುಕಿನ ಗೆರೆಗಳು ಬಿಟ್ಟಿದ್ದರಂತೂ ನೋಡೋಕೆ ಮಾತ್ರ ಇಡಿ.
— ಓದುಗರು, ವಿರಾಜಪೇಟೆ