ಮಿದುಳಲ್ಲಿ ರಕ್ತ ಸೋರಿದ್ದರೂ ರಕ್ತ ತೆಳು ಮಾಡುವ ಮಾತ್ರೆಯಾ?

ಪ್ರಶ್ನೆ: ತಂಗಿಗೆ ಹೆರಿಗೆಯಾದ ಎರಡನೇ ವಾರ ವಿಪರೀತ ತಲೆನೋವು, ಆಮೇಲೆ ಫಿಟ್ಸ್ ಬಂತು. ಸ್ಕ್ಯಾನ್ ಮಾಡಿ, ಮಿದುಳಿನ ರಕ್ತನಾಳದಲ್ಲಿ ಹೆಪ್ಪು, ಪಕ್ಕದಲ್ಲೇ ಸ್ವಲ್ಪ ರಕ್ತಸ್ರಾವ ಅಂದರು. ಈಗ ಮನೆಗೆ ಬಂದಿದ್ದಾಳೆ, ರಕ್ತ ತೆಳು ಮಾಡುವ ಅಸಿಟ್ರಾಮ್ ಮಾತ್ರೆ ನಡೆಯುತ್ತಿದೆ. ಮೊದಲೇ ರಕ್ತ ಸೋರಿದೆ, ಇದನ್ನು ನಿಲ್ಲಿಸಿ ಅಂತ ಅವಳ ಅತ್ತೆ ಹಟ ಹಿಡಿದಿದ್ದಾರೆ. ಅನುಭವ ಇದ್ದವರು ಹೇಳಿ.

ತುಮಕೂರಿನಿಂದ: ದಯವಿಟ್ಟು ನೀವಾಗಿ ನಿಲ್ಲಿಸಬೇಡಿ. ಮೊದಲ ಬಾಣಂತನದಲ್ಲಿ ನನಗೂ ಹೀಗೇ ಆಗಿತ್ತು, ಮನೆಯಲ್ಲಿ ಇದೇ ಜಗಳ. ಡಾಕ್ಟರು ಚೀಟಿಯ ಹಿಂದೆ ಗೆರೆ ಎಳೆದು ತೋರಿಸಿದ ಮೇಲೆ ನಮ್ಮಮ್ಮ ಸುಮ್ಮನಾದರು. ಇಲ್ಲಿ ಕಟ್ಟಿರುವುದು ಮಿದುಳಿಗೆ ರಕ್ತ ತರುವ ನಾಳ ಅಲ್ಲ, ಅಲ್ಲಿಂದ ವಾಪಸ್ ಒಯ್ಯುವ ನಾಳ. ಬಚ್ಚಲ ಮೋರಿ ಕಟ್ಟಿದರೆ ನೀರು ಹಿಂದಕ್ಕೆ ಬರುತ್ತಲ್ಲ, ಹಾಗೆ ರಕ್ತ ಹಿಂದೆ ಒತ್ತಿ ಸಣ್ಣ ನಾಳಗಳು ಸೋರುತ್ತವೆ. ಅಂದರೆ ಸೋರುವುದಕ್ಕೆ ಕಾರಣವೇ ಹೆಪ್ಪು. ಮಾತ್ರೆ ಅದನ್ನು ಬೆಳೆಯಲು ಬಿಡುವುದಿಲ್ಲ, ಕರಗಿಸುವ ಕೆಲಸ ದೇಹದ್ದೇ. ಸಾಮಾನ್ಯವಾಗಿ 3ರಿಂದ 12 ತಿಂಗಳು ಕೊಡುತ್ತಾರೆ.

ಬಾಣಂತಿಗೆ ನೀರು ಜಾಸ್ತಿ ಕೊಡಬಾರದು ಅಂತಾರಲ್ಲ, ಆ ಮಾತು ಮಾತ್ರ ಕೇಳಲೇಬೇಡಿ. ಹೆರಿಗೆಯಾದ ಹೊಸದರಲ್ಲಿ ರಕ್ತ ಬೇಗ ಹೆಪ್ಪುಗಟ್ಟುತ್ತದೆ. ಮೈಯಲ್ಲಿ ನೀರು ಕಮ್ಮಿಯಾದರೆ ಕೇಳಬೇಕೇ! ಗರ್ಭನಿರೋಧಕ ಮಾತ್ರೆ ಶುರು ಮಾಡುವ ಮುಂಚೆಯೂ ಈ ಕಾಯಿಲೆ ಬಂದಿತ್ತು ಅಂತ ಹೇಳಿ. ಈಸ್ಟ್ರೋಜನ್ ಇರುವುದು ಆಗುವುದಿಲ್ಲ. ಇನ್ನೊಂದು ಮಗುವಿನ ಯೋಚನೆ ಇದ್ದರೂ ಮೊದಲೇ ತಿಳಿಸಬೇಕು.

ದಾವಣಗೆರೆಯಿಂದ: ನಮ್ಮ ತಂದೆಯ ಕಾಯಿಲೆ ಬೇರೆ, ಮಾತ್ರೆ ಅದೇ. ಹೃದಯದ ಬಡಿತ ಏರುಪೇರಾಗಿ, ಅಲ್ಲಿನ ಹೆಪ್ಪು ಮಿದುಳಿಗೆ ಹೋಗಿ ಸ್ಟ್ರೋಕ್ ಆಗಿತ್ತು. ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ನೋಡುವ ರಕ್ತಪರೀಕ್ಷೆ ಇದೆ, ಐಎನ್‌ಆರ್ ಅಂತ. ಅದು 2ರಿಂದ 3ರೊಳಗೆ ಇರಬೇಕು ಅಂದಿದ್ದಾರೆ. ಕೆಳಗಿಳಿದರೆ ಹೆಪ್ಪಿನ ಭಯ, ಮೇಲೇರಿದರೆ ರಕ್ತಸ್ರಾವದ್ದು. ಒಮ್ಮೆ ಭೇದಿಗೆ ಅಂತ ಅಂಗಡಿಯಿಂದ ಮೆಟ್ರೋನಿಡಜೋಲ್ ತಂದು ನುಂಗಿದರು. ಹಲ್ಲುಜ್ಜುವಾಗ ಒಸಡಿನಿಂದ ರಕ್ತ, ತೋಳಿನ ಮೇಲೆ ನೀಲಿ ಕಲೆ. ಪರೀಕ್ಷೆ ಮಾಡಿಸಿದರೆ ಐಎನ್‌ಆರ್ 5 ದಾಟಿತ್ತು. ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳನ್ನೂ ಡಾಕ್ಟರನ್ನು ಕೇಳದೆ ಕೊಡಬೇಡಿ.

ಸೊಪ್ಪು ಪೂರ್ತಿ ಬಿಡಬೇಕಿಲ್ಲ. ಒಂದು ವಾರ ದಿನಾ ಸಬ್ಬಸಿಗೆ ಸೊಪ್ಪು, ಮುಂದಿನ ವಾರ ಏನೂ ಇಲ್ಲ ಅಂತಾಗಬಾರದು, ಅಷ್ಟೇ. ಸೊಪ್ಪಿನ ವಿಟಮಿನ್ ಕೆ ಮಾತ್ರೆಯ ಬಲ ತಗ್ಗಿಸುತ್ತದೆ.

ಕೇಳಿದವರು: ತುಂಬಾ ಥ್ಯಾಂಕ್ಸ್. ಇದನ್ನೇ ಅತ್ತೆಗೆ ಓದಿ ಹೇಳುತ್ತೇನೆ. ಒಂದು ದಿನ ಮಾತ್ರೆ ಮರೆತರೆ?

ದಾವಣಗೆರೆಯಿಂದ: ಅದೇ ದಿನ ನೆನಪಾದರೆ ಕೊಡಿ. ಮಾರನೇ ದಿನ ಎರಡು ಸೇರಿಸಿ ಕೊಡಬೇಡಿ. ತಲೆನೋವು ಮತ್ತೆ ಜೋರಾದರೆ, ವಾಂತಿಯಾದರೆ, ಮಲ ಕಪ್ಪಗಾದರೆ ಸೀದಾ ಆಸ್ಪತ್ರೆಗೆ ಹೋಗಿ.